ಪೂಜೆ ಮಾತ್ರೆಗೆ ಚೀಟಿ ಬೇಡವಂತೆ

ಔಷಧಿ ಅಂಗಡಿಗಳ ಮೇಲೆ ಕಣ್ಣಿಡಲೆಂದೇ ನೇಮಕಗೊಂಡಿರುವ ಮಾನ್ಯ ಅಧಿಕಾರಿಗಳೇ,

ಮುಟ್ಟನ್ನು ಮುಂದಕ್ಕೆ ತಳ್ಳುವ ಮಾತ್ರೆಯನ್ನು ನಮ್ಮೂರಿನ ಮೆಡಿಕಲ್ ಅಂಗಡಿಗಳಲ್ಲಿ ಕರ್ಪೂರ ಮಾರಿದಷ್ಟು ಸಲೀಸಾಗಿ ಮಾರುತ್ತಿದ್ದಾರೆ. ಯಾರಿಗೆ, ಯಾಕೆ, ಎಷ್ಟು ದಿನಕ್ಕೆ ಎಂದು ಯಾರೂ ಕೇಳುವುದಿಲ್ಲ. ಅದನ್ನು ತಿಂಗಳು ತಿಂಗಳೂ ನುಂಗಿದ ನನ್ನ ಸೊಸೆ ವೀಣಳ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತು. ಅವಳು ಬದುಕಿದ್ದಾಳೆ, ಅದು ನಮ್ಮ ಪುಣ್ಯ. ಮಾತ್ರೆ ತಂದವಳು ನಾನು. ಬಿಸಿನೀರು ಕೊಟ್ಟು ಎದುರಿಗೆ ನಿಂತು ನುಂಗಿಸಿದವಳೂ ನಾನೇ. ಹಾಗಾಗಿ ಇದನ್ನು ಬರೀ ದೂರು ಅಂದುಕೊಳ್ಳಬೇಡಿ. ತಪ್ಪು ಮಾಡಿದ ಇಬ್ಬರಲ್ಲಿ ಒಬ್ಬಳು ಇನ್ನೊಬ್ಬರಿಗೆ ಬರೆದ ಕಾಗದ ಇದು.

ನಾನು ರಾಧಾಮಣಿ. ಕೆ.ಆರ್. ಪೇಟೆಯಲ್ಲಿ ಅಕ್ಕಸಾಲಿ ಕೆಲಸ ಮಾಡುವ ನಾಗರಾಜಾಚಾರ್ ಅವರ ಹೆಂಡತಿ. ಓದಿದ್ದು ಎಸ್ಸೆಸ್ಸೆಲ್ಸಿ. ನಮ್ಮ ಬೀದಿಯ ಚರಂಡಿಗೆ, ನಲ್ಲಿ ನೀರಿಗೆ, ಬೀದಿದೀಪಕ್ಕೆ ಅರ್ಜಿ ಬರೆದುಕೊಡುವವಳು ನಾನೇ. ಬೀದಿದೀಪದ ಅರ್ಜಿಯೊಂದು ಫಲ ಕೊಟ್ಟಿದೆ, ದೀಪ ಹಗಲು ಹೊತ್ತು ಚೆನ್ನಾಗಿ ಉರಿಯುತ್ತದೆ. ಇಂಥ ಅನುಭವ ಇರುವುದರಿಂದ ಈ ಸಲ ಅರ್ಜಿಯನ್ನು ನಿಮ್ಮ ಕಚೇರಿಯ ಟಪಾಲಿಗೆ ಹಾಕದೆ ಎಲ್ಲರೂ ಓದುವಂತೆ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ನಮ್ಮದು ತಾಳಿ ಮಾಡುವ ಮನೆ. ಈಗ ಎಲ್ಲರೂ ಪೇಟೆಯ ಗಾಜಿನ ಬಾಗಿಲಿನ ಒಡವೆ ಅಂಗಡಿಗಳಲ್ಲಿ ಸರ ಬಳೆ ಕೊಳ್ಳುತ್ತಾರೆ, ಸರಿ. ಆದರೆ ಶೀಳನೆರೆಯಿಂದ ಬೆಳ್ಳೂರಿನವರೆಗೆ ಇನ್ನೂ ಎಷ್ಟೋ ಮನೆಯವರು ತಾಳಿಯನ್ನು ಮಾತ್ರ ಮನೆತನದ ಅಕ್ಕಸಾಲಿಗರ ಕೈಯಲ್ಲೇ ಮಾಡಿಸುತ್ತಾರೆ. ಒಳ್ಳೆಯ ದಿನ ನೋಡಿ ಗಂಡಿನ ಕಡೆಯವರು ಎಲೆ ಅಡಿಕೆ, ಬೆಲ್ಲ, ಅಕ್ಕಿ, ತಟ್ಟೆಯಲ್ಲಿ ಒಂದು ಚೂರು ಚಿನ್ನ ಇಟ್ಟುಕೊಂಡು ಬರುತ್ತಾರೆ. ಮನೆಯ ಹೆಂಗಸು ಅಗ್ಗಿಷ್ಟಿಕೆಯ ಮುಂದೆ ದೀಪ ಹಚ್ಚಿ, ಚಿನ್ನಕ್ಕೆ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಬೇಕು. ಆಮೇಲೆ ಯಜಮಾನರು ಅದನ್ನು ಮೂಸೆಗೆ ಹಾಕಿ ಕರಗಿಸುತ್ತಾರೆ. ಆ ದಿನ ಮನೆಯಲ್ಲಿ ಯಾರೂ ಮುಟ್ಟಾಗಿರಬಾರದು. ಬಂದವರು ಹೊಸಿಲು ದಾಟುವ ಮೊದಲೇ ಕೇಳುತ್ತಾರೆ, "ಮನೇಲೆಲ್ಲ ಮಡೀಲವ್ರಾ?" ಎಂದು. ಹೌದು ಅಂದ ಮೇಲೇ ಚಪ್ಪಲಿ ಬಿಡುವುದು.

ನಾನು ಮದುವೆಯಾಗಿ ಬಂದಾಗ ಈ ಮನೆಯ ಹಿತ್ತಲಲ್ಲಿ ಒಂದು ಕೋಣೆ ಇತ್ತು. ತಿಂಗಳಿಗೆ ಮೂರು ದಿನ ಅಲ್ಲಿ ಕೂತಿದ್ದೇನೆ. ಸೌದೆಯ ಜೊತೆ, ಸೊಳ್ಳೆಯ ಜೊತೆ. ನನ್ನತ್ತೆ ದೂರದಿಂದ ತಟ್ಟೆ ತಳ್ಳುತ್ತಿದ್ದರು. ನನಗೆ ಸೊಸೆ ಬಂದರೆ ಅವಳಿಗೆ ಈ ಗತಿ ಬರಬಾರದು ಎಂದು ಅವತ್ತೇ ಅಂದುಕೊಂಡಿದ್ದೆ. ಮಗ ರಘುನಂದನನ ಮದುವೆಗೆ ಮುಂಚೆ ಮನೆ ಕಟ್ಟಿಸುವಾಗ ನಾನೇ ಹಟ ಹಿಡಿದು ಆ ಕೋಣೆಯನ್ನು ಒಡೆಸಿದೆ. ಅಲ್ಲಿ ಬಚ್ಚಲು ಬಂತು. ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ: "ನಮ್ಮನೇಲಿ ಆಚೆ ಕೂರಿಸೋದೆಲ್ಲ ಇಲ್ಲ ಕಣ್ರೀ, ನಮ್ ಕಾಲ ನಮ್ಗೇ ಕೊನೆಯಾಗ್ಲಿ." ಎಂಥ ಸುಧಾರಣೆ ನೋಡಿ ನನ್ನದು! ಕೋಣೆ ಹೋಯಿತು, ಪದ್ಧತಿ ಹೋಗಲಿಲ್ಲ. ಹೊಸ ಮನೆಯಲ್ಲಿ ಕೆಲಸದ ಅಗ್ಗಿಷ್ಟಿಕೆ ಇರುವುದು ನಡುಮನೆಯ ಪಕ್ಕದಲ್ಲೇ. ಕೂರಿಸಲು ಜಾಗವಿಲ್ಲ, ಮುಟ್ಟಾದವಳು ಓಡಾಡುವ ಹಾಗೂ ಇಲ್ಲ. ಹಿತ್ತಲಲ್ಲಿ ಕೆಡವಿದ ಕೋಣೆಯನ್ನು ನಾನು ಸೊಸೆಯ ಹೊಟ್ಟೆಯೊಳಗೆ ಕಟ್ಟಿದೆ.

ಮಾತ್ರೆಯ ಸುದ್ದಿ ನನಗೆ ಸಿಕ್ಕಿದ್ದು ಒಂದು ಗೃಹಪ್ರವೇಶದಲ್ಲಿ. ಅಲ್ಲಿ ಅಡುಗೆಮನೆಯಲ್ಲಿ ಕೂತ ಹೆಂಗಸರಲ್ಲಿ ಅರ್ಧ ಜನ ಅದನ್ನು ನುಂಗಿಯೇ ಬಂದಿದ್ದರು. ಒಬ್ಬಾಕೆ ನಕ್ಕು, "ಪೂಜೆ ಮಾತ್ರೆ ಅಂತ ಕೇಳಿ, ಕೊಡ್ತಾರೆ. ಏನೂ ಆಗಾಕಿಲ್ಲ" ಎಂದಳು. ಮಾರನೆಯ ದಿನವೇ ಅಂಗಡಿಗೆ ಹೋದೆ. ಪೂಜೆ ಮಾತ್ರೆ ಎಂದು ಪೂರ್ತಿ ಹೇಳುವ ಮೊದಲೇ ಅವರಿಗೆ ಗೊತ್ತಾಯಿತು, ಕಾಗದದಲ್ಲಿ ಸುತ್ತಿ ಕೊಟ್ಟರು. ಡಾಕ್ಟರ ಚೀಟಿ ಬೇಕಾ ಎಂದು ಕೇಳಿದ್ದಕ್ಕೆ ಅಂಗಡಿಯವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ದೇವ್ರು ಕಾರ್ಯಕ್ಕೆಲ್ಲ ಯಾತರ ಚೀಟಿ ಅಮ್ಮ? ಹೊತ್ತಿಗೊಂದು ಕೊಡಿ, ಸಾಕು."

ಅದೇ ಬೀದಿಯಲ್ಲಿ ನಮ್ಮೆಜಮಾನರು ಒಡವೆ ತೊಳೆಯಲು ಆಸಿಡ್ ತರಲು ಹೋದರೆ ಆಧಾರ್ ಕಾರ್ಡು ತೋರಿಸಬೇಕು, ಯಾತಕ್ಕೆ ಎಂದು ಹೇಳಬೇಕು, ಪುಸ್ತಕದಲ್ಲಿ ಸಹಿ ಹಾಕಬೇಕು. ನಮ್ಮ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸಬೇಕು. ಗುಲಗಂಜಿ ತೂಕ ಆಚೀಚೆಯಾದರೆ ದಂಡ. ಚಿನ್ನಕ್ಕೆ ಹಾಲ್‌ಮಾರ್ಕು ಬೇಕು. ಇವೆಲ್ಲ ಬೇಡ ಎನ್ನುತ್ತಿಲ್ಲ, ಇರಲೇಬೇಕು. ಆದರೆ ಒಂದು ಕೇಳುತ್ತೇನೆ, ಹೇಳಿ. ಕುತ್ತಿಗೆಗೆ ಹಾಕುವ ತಾಳಿಯ ಮೇಲೆ ಸರ್ಕಾರಕ್ಕೆ ಇಷ್ಟೊಂದು ಕಾಳಜಿ ಇರುವಾಗ, ಆ ಕುತ್ತಿಗೆಯೊಳಗೆ ಇಳಿಯುವ ಮಾತ್ರೆಯ ಮೇಲೆ ಯಾಕಿಲ್ಲ? ಆ ಮಾತ್ರೆಯ ಹಾಳೆಯ ಮೇಲೆ ಕೆಂಪು ಗೆರೆ ಇದೆ, ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂದೂ ಬರೆದಿದೆ. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಂಥ ಅಕ್ಷರದಲ್ಲಿ. ಅದನ್ನು ಮೊದಲ ಸಲ ನನಗೆ ಓದಿ ಹೇಳಿದ್ದು ನನ್ನ ಮಗ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು. ಅಷ್ಟು ಹೊತ್ತಿಗೆ ವೀಣ ಒಳಗೆ ಆಮ್ಲಜನಕದ ಮಾಸ್ಕು ಹಾಕಿಕೊಂಡು ಮಲಗಿದ್ದಳು.

ವೀಣಳ ತವರು ನಾಗಮಂಗಲದ ಕಡೆ ಬಿಂಡಿಗನವಿಲೆ. ಬಡಗಿಗಳ ಮನೆ. ಮಾತು ಕಡಿಮೆ, ನಗು ಜಾಸ್ತಿ. ಮದುವೆ ಕಾಲ ಬಂದರೆ ನಮ್ಮಲ್ಲಿ ವಾರಕ್ಕೊಂದು ತಾಳಿ ಇರುತ್ತದೆ, ಕೆಲವು ವಾರ ಎರಡು. ಯಜಮಾನರು ಬೆಳಗ್ಗೆ ಕಾಫಿ ಕುಡಿಯುತ್ತಾ, "ಶುಕ್ರವಾರ ಚಿನ್ನ ಕರಗಿಸೋದೈತೆ" ಅನ್ನುವರು. ಅಷ್ಟೇ. ಮಿಕ್ಕಿದ್ದೆಲ್ಲ ನಾನು ನೋಡಿಕೊಳ್ಳುತ್ತೇನೆ ಎಂದು ಅವರಿಗೆ ಗೊತ್ತು. ಹೇಗೆ ನೋಡಿಕೊಳ್ಳುತ್ತೇನೆ ಎಂದು ಅವರೆಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವೀಣಳಿಗೆ ತಲೆನೋವು ಬರುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು, ಕೈಕಾಲು ಭಾರ ಅನ್ನುತ್ತಿದ್ದಳು. ಪಿತ್ತ ಇರಬೇಕೆಂದು ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟೆ. ಪ್ರೀತಿಯಿಂದಲೇ ಮಾಡಿಕೊಟ್ಟೆ, ಅದನ್ನು ನೆನೆದರೆ ಈಗ ಇನ್ನೂ ಸಂಕಟವಾಗುತ್ತದೆ.

ಕಳೆದ ಮದುವೆ ಕಾಲದ ಕೊನೆಯ ತಾಳಿ ಶೀಳನೆರೆಯವರದು. ಮೂರು ತಲೆಮಾರಿನ ಗಿರಾಕಿಗಳು. ಮಾತ್ರೆ ಕೊಡಲು ಹೋದಾಗ ವೀಣ ಲೋಟ ಕೈಗೆ ತೆಗೆದುಕೊಳ್ಳಲಿಲ್ಲ. "ಅತ್ತೆ, ಈ ಸಲ ಬ್ಯಾಡ ಅನ್ಸ್ತದೆ. ಮೈ ಯಾಕೋ ಸರಿಯಿಲ್ಲ" ಎಂದಳು.

ಮಾನ್ಯರೇ, ಅವಳು ಬೇಡ ಎಂದಳು. ಮದುವೆಯಾಗಿ ಬಂದ ಮೇಲೆ ಅವಳು ನನಗೆ ಬೇಡ ಎಂದದ್ದು ಅದೊಂದೇ ಸಲ. ನಾನು ಏನೆಂದೆ ಗೊತ್ತೆ? "ಇದೊಂದು ಸಲ ಕಣಮ್ಮ. ಹಳೇ ಗಿರಾಕಿ, ವಾಪಸ್ ಕಳ್ಸಕಾಯ್ತದಾ? ಮುಂದಿನ ತಿಂಗ್ಳಿಂದ ಬುಟ್ಬುಡು." ಬೈಯಲಿಲ್ಲ, ತಲೆ ಸವರಿ ಹೇಳಿದೆ. ಬೈದಿದ್ದರಾದರೂ ಅವಳು ತಿರುಗಿ ಬೀಳುತ್ತಿದ್ದಳೇನೋ. ಸುಮ್ಮನೆ ನುಂಗಿದಳು. ಶುಕ್ರವಾರ ಆರತಿ ಎತ್ತಿದಳು. ಬಂದವರು ಎಂಥ ಲಕ್ಷಣವಾದ ಸೊಸೆ ಎಂದು ಹೊಗಳಿ ಹೋದರು.

ಆಮೇಲಿನ ದಿನಗಳಲ್ಲಿ ಅವಳ ಎಡಗಾಲಿನ ಮೀನಖಂಡ ಊದಿಕೊಂಡಿತು. ಮುಟ್ಟಿದರೆ ಬಿಸಿ. ಆರತಿ ಹಿಡಿದು ನಿಂತು ನರ ಹಿಡಿದಿರಬೇಕು ಎಂದುಕೊಂಡು ಹರಳೆಣ್ಣೆ ಕಾಯಿಸಿ ನಾನೇ ನೀವಿದೆ. ಚೆನ್ನಾಗಿ ಒತ್ತಿ ಒತ್ತಿ ನೀವಿದೆ. ಹೆಪ್ಪುಗಟ್ಟಿದ ರಕ್ತ ಇರುವ ಕಾಲನ್ನು ಹಾಗೆ ನೀವಬಾರದಂತೆ, ಹೆಪ್ಪು ಜರುಗಿ ಮೇಲೆ ಹೋಗಬಹುದಂತೆ. ಇದನ್ನು ಆಮೇಲೆ ಡಾಕ್ಟರು ಹೇಳಿದಾಗ ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಸೆರಗಿನೊಳಗೆ ಸುತ್ತಿಕೊಂಡೆ.

ನೋವು ಇಳಿಯದೆ ಇದ್ದಾಗ ಊರಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ನಮ್ಮೆಜಮಾನರು, ಮಗ, ನಾನು, ವೀಣ. ಅವರು ಕಾಲು ನೋಡಿದರು, ಆಮೇಲೆ ಕೇಳಿದರು, "ಯಾವುದಾದರೂ ಮಾತ್ರೆ ತಗೊಳ್ತಿದ್ದಾರಾ?" ವೀಣ ನನ್ನ ಮುಖ ನೋಡಿದಳು. ನಾನು, "ಯಾವ ಮಾತ್ರೆನೂ ಇಲ್ಲ ಡಾಕ್ಟ್ರೇ, ಆರೋಗ್ಯವಾಗೇ ಇದ್ಲು" ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪೂಜೆಗೆ ನುಂಗುವುದು ಔಷಧಿ ಎಂದು ನನಗೆ ಹೊಳೆಯಲೇ ಇಲ್ಲ, ಅದು ಎಣ್ಣೆ ಬತ್ತಿಯ ಸಾಲಿಗೆ ಸೇರಿತ್ತು. ಅದೂ ನಿಜ. ಗಂಡ, ಮಗ ಪಕ್ಕದಲ್ಲಿ ನಿಂತಿರುವಾಗ ಸೊಸೆಯ ಮುಟ್ಟಿನ ಮಾತನ್ನು ಹೇಗೆ ಎತ್ತುವುದು ಎಂದು ಒಂದು ಗಳಿಗೆ ಬಾಯಿ ಕಟ್ಟಿತ್ತಲ್ಲ, ಅದೂ ನಿಜ. ಮೊದಲನೆಯದು ದಡ್ಡತನ, ಕ್ಷಮೆ ಇರಬಹುದು. ಎರಡನೆಯದಕ್ಕೆ ಇಲ್ಲ. ಡಾಕ್ಟರು ನನ್ನ ಮಾತು ನಂಬಿ ಉಳುಕು ಎಂದು ಮುಲಾಮು ಬರೆದುಕೊಟ್ಟರು. ಮುಲಾಮಿಗೆ ಚೀಟಿ ಇತ್ತು, ಸಮಾಧಾನ ಪಟ್ಟುಕೊಳ್ಳಿ.

ಎರಡು ದಿನ ಕಳೆದು ಬೆಳಗ್ಗೆ ನೀರು ತುಂಬುತ್ತಿದ್ದವಳು ಕೊಡ ಕೆಳಗಿಟ್ಟು ಎದೆ ಹಿಡಿದುಕೊಂಡಳು. "ಅತ್ತೆ, ಉಸ್ರು ಸಿಗ್ತಿಲ್ಲ" ಎಂದಷ್ಟೇ ಹೇಳಿದ್ದು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೊರಟೆವು. ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳು ಅಡ್ಡ ನಿಂತಿದ್ದವು, ರಘು ಇಳಿದು ಓಡಿ ಹೋಗಿ ಕೈ ಮುಗಿದು ದಾರಿ ಬಿಡಿಸಿದ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಅವಳ ತುಟಿ ನೀಲಿಯಾಗಿತ್ತು. ಅವಳ ಮಗಳಿಗೆ ಇನ್ನೂ ಐದು ತುಂಬಿಲ್ಲ. ತಾಯಿ ಕಾವೇರಿ, ನನ್ನನ್ನು ತಗೋ, ಇವಳನ್ನು ಬಿಡು ಎಂದು ಬೇಡಿಕೊಂಡೆ.

ಮೈಸೂರಿನ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣು ಡಾಕ್ಟರು ಇದ್ದರು. ಅವರು ಮೊದಲು ಮಾಡಿದ ಕೆಲಸ ಗಂಡಸರನ್ನು ಆಚೆ ಕಳಿಸಿದ್ದು. ಆಮೇಲೆ ನನ್ನ ಪಕ್ಕ ಕೂತು, "ಅಮ್ಮ, ಮುಟ್ಟು ಮುಂದಕ್ಕೆ ಹೋಗಲಿ ಅಂತ ಏನಾದರೂ ಕೊಡ್ತಿದ್ರಾ? ಮಕ್ಕಳಾಗದ ಹಾಗೆ ಗುಳಿಗೆ ಏನಾದ್ರೂ?" ಎಂದು ಕೇಳಿದರು. ಬೇರೆ ಮಾತ್ರೆ ಯಾವುದೂ ಇಲ್ಲ, ಇದೊಂದೇ ಎಂದು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಈ ಮಾತ್ರೆಯೂ ಗರ್ಭ ನಿಲ್ಲದಂತೆ ತಗೊಳ್ಳುವ ಗುಳಿಗೆಯೂ ಹಾರ್ಮೋನಿನವೇ, ಬಹಳ ಹೆಂಗಸರಿಗೆ ಇವುಗಳಿಂದ ಏನೂ ಆಗುವುದಿಲ್ಲ, ಸರಿಯಾಗಿ ಕೊಟ್ಟರೆ ಎಷ್ಟೋ ಜನಕ್ಕೆ ಉಪಕಾರವೇ ಎಂದು ಬಿಡಿಸಿ ಹೇಳಿದರು. ಆದರೆ ಕೆಲವರ ರಕ್ತ ಬೇಗ ಹೆಪ್ಪುಗಟ್ಟುವಂಥದ್ದು. ಅಂಥವರಿಗೆ, ಅದರಲ್ಲೂ ದಿನಕ್ಕೆ ಮೂರು ಸಲ, ಮತ್ತೆ ಮತ್ತೆ ಕೊಟ್ಟರೆ ಅಪಾಯ. ಅದಕ್ಕೇ ಕೊಡುವ ಮೊದಲು ಕೇಳಬೇಕು: ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ಬಿ.ಪಿ. ಇದೆಯಾ? ಅರೆತಲೆನೋವು ಇದೆಯಾ? ಈಚೆಗೆ ಹೆರಿಗೆಯಾಗಿದೆಯಾ? ಇಷ್ಟೇ.

ಮಧ್ಯಾಹ್ನದ ಹೊತ್ತಿಗೆ ವೀಣಳ ತಾಯಿ ಬಿಂಡಿಗನವಿಲೆಯಿಂದ ಬಂದರು. ಮುಚ್ಚಿಡುವುದು ಬೇಡ ಎಂದು ಅವರಿಗೂ ಹೇಳಿದೆ. ಅವರು, "ಇವ್ಳು ಹುಟ್ದಾಗ ನಂಗೂ ಕಾಲು ಇಂಗೇ ಊದ್ಕೊಂಡಿತ್ತು. ನಾಗಮಂಗಲ್ದಲ್ಲಿ ರಕ್ತ ಗಡ್ಡೆ ಕಟ್ಟೈತೆ ಅಂದಿದ್ರು. ಯಾರಾರ ಕೇಳಿದ್ರೆ ಯೋಳ್ತಿದ್ನಲ್ಲವ್ವಾ" ಎಂದರು. ಆಮೇಲೆ ನನ್ನ ಪಕ್ಕದಿಂದ ಎದ್ದು ಆಚೆ ಬೆಂಚಿಗೆ ಹೋಗಿ ಕೂತರು.

ಮಾನ್ಯರೇ, ಬಿಂಡಿಗನವಿಲೆಯಲ್ಲಿ ಉತ್ತರ ಸಿದ್ಧವಾಗಿ ಕೂತಿತ್ತು. ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ. ನಾನು ಕೇಳಲಿಲ್ಲ, ಅಂಗಡಿಯವರು ಕೇಳಲಿಲ್ಲ, ಅಂಗಡಿಯವರು ಕೇಳಿದರೋ ಇಲ್ಲವೋ ಎಂದು ನೀವು ಕೇಳಲಿಲ್ಲ. ನಿಮ್ಮ ಜೀಪು ವರ್ಷಕ್ಕೊಮ್ಮೆ ನಮ್ಮ ಬೀದಿಗೆ ಬರುವುದನ್ನು ನಾನೇ ನೋಡಿದ್ದೇನೆ. ಅಂಗಡಿಯವರು ಎಳನೀರು ತರಿಸುತ್ತಾರೆ. ಫ್ರಿಜ್ಜು ತಣ್ಣಗಿದೆಯೇ, ಲೈಸೆನ್ಸಿಗೆ ಗಾಜಿನ ಕಟ್ಟು ಹಾಕಿದ್ದಾರೆಯೇ ಎಂದು ನೋಡಿಕೊಂಡು ನೀವು ಹೊರಡುತ್ತೀರಿ. ಎಳನೀರಿನ ಬಗ್ಗೆ ನನ್ನ ತಕರಾರಿಲ್ಲ, ಬಿಸಿಲು ಜಾಸ್ತಿ. ಅಲ್ಲೇ ಅರ್ಧ ಗಂಟೆ ಕೂತಿದ್ದರೆ ನನ್ನಂಥ ಅತ್ತೆಯೊಬ್ಬಳು ಬಂದು ಪೂಜೆ ಮಾತ್ರೆ ಎಂದು ಪಿಸುಗುಡುವುದು ನಿಮ್ಮ ಕಿವಿಗೂ ಬೀಳುತ್ತಿತ್ತು. ಹಬ್ಬದ ಹಿಂದಿನ ವಾರ ಬಂದಿದ್ದರಂತೂ ಕೂರುವುದೇ ಬೇಕಿರಲಿಲ್ಲ.

ಎಲ್ಲ ನಿಮ್ಮ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಉದ್ದೇಶ ನನಗಿಲ್ಲ. ಆಸ್ಪತ್ರೆಯಿಂದ ಬಂದ ದಿನ ನಮ್ಮೆಜಮಾನರು, "ನಂಗೊಂದು ಮಾತು ಯೋಳ್ಬಾರ್ದಾಗಿತ್ತೇನೇ?" ಎಂದು ಕಣ್ಣಲ್ಲಿ ನೀರು ಹಾಕಿಕೊಂಡು ಕೇಳಿದರು. "ಯೋಳಿದ್ರೆ ಗಿರಾಕಿಗೆ ದಿನ ಬದಲಾಯ್ಸಿ ಅಂತಿದ್ರಾ?" ಎಂದು ನಾನು ಕೇಳಿದೆ. ಅವರು ಆರಿದ ಅಗ್ಗಿಷ್ಟಿಕೆಯ ಬೂದಿ ಕೆದಕುತ್ತಾ ಕೂತರು. ಬದಲಾಯಿಸುತ್ತಿದ್ದರೇನೋ. ಹೇಳಿ ನೋಡಲಿಲ್ಲವಲ್ಲ ನಾನು.

ವೀಣ ತವರಿನಲ್ಲಿ ಸುಧಾರಿಸಿಕೊಂಡು ಈಗ ನಮ್ಮಲ್ಲಿಗೆ ಬಂದಿದ್ದಾಳೆ. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು, ಅದರಿಂದ ಮುಟ್ಟಾದಾಗ ಸ್ರಾವ ವಿಪರೀತ. ಒಂದು ದಿನ ನನ್ನ ಕಾಲು ಹಿಡಿಯಲು ಬಂದಳು, ಬಟ್ಟೆ ಒಗೆದುಕೊಟ್ಟೆನೆಂದು. ನಾನು ಅವಳ ಕಾಲು ಹಿಡಿಯಬೇಕಾದವಳು. ಕ್ಷಮೆ ಕೇಳಿದ್ದೇನೆ. "ನೀವು ಬೇಕು ಅಂತ ಮಾಡ್ಲಿಲ್ವಲ್ಲ ಅತ್ತೆ, ಬುಡಿ" ಎಂದಳು. ಅದು ಕ್ಷಮೆಯೋ ಸುಸ್ತೋ ನನಗೆ ಗೊತ್ತಾಗಲಿಲ್ಲ.

ಹೋದ ವಾರ ಹೊಸ ಗಿರಾಕಿಗಳು ತಟ್ಟೆಯಲ್ಲಿ ಚಿನ್ನ ಇಟ್ಟುಕೊಂಡು ಬಂದರು. ಹೊಸಿಲಲ್ಲಿ ನಿಂತು ಅದೇ ಮಡಿಯ ಪ್ರಶ್ನೆ. ವೀಣ ಅವತ್ತು ಮುಟ್ಟಾಗಿ ನಡುಮನೆಯ ಮಂಚದ ಮೇಲೆ ಮಲಗಿದ್ದಳು. ನಾನು, "ಸೊಸೆ ಮುಟ್ಟಾಗವ್ಳೆ. ಇಲ್ಲೇ ಮನೇಲೇ ಅವ್ಳೆ. ಆರತಿ ನಾನು ಎತ್ತೀನಿ, ಬನ್ನಿ ಒಳೀಕೆ" ಎಂದೆ. ಗಂಡಿನ ತಾಯಿ ಒಂದು ಹೆಜ್ಜೆ ಹಿಂದಕ್ಕಿಟ್ಟರು. "ಬ್ಯಾಸರ ಮಾಡ್ಕೋಬ್ಯಾಡಿ ಕಣವ್ವಾ, ಶುಭಕಾರ್ಯ" ಎಂದು ತಟ್ಟೆಗೆ ಸೆರಗು ಮುಚ್ಚಿಕೊಂಡು ಹೊರಟುಹೋದರು. ಯಜಮಾನರು ಎದ್ದು ಹೋಗಿ ವೀಣಳಿಗೆ ಕಾಫಿ ತಂದುಕೊಟ್ಟರು. ಅಂತೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗಿದೆ, ಸುಳ್ಳು ಹೇಳುವುದಿಲ್ಲ.

ಆ ಹೆಮ್ಮೆ ಸಂಜೆಯವರೆಗೆ ಇತ್ತು. ಸಂಜೆ ತರಕಾರಿಗೆ ಹೋದಾಗ ಪಕ್ಕದ ಬೀದಿಯ ಅಕ್ಕಸಾಲಿ ದೇವರಾಜಾಚಾರ್ ಅವರ ಸೊಸೆ ರಂಜಿತ ಮೆಡಿಕಲ್ ಅಂಗಡಿಯಿಂದ ಇಳಿದು ಬರುತ್ತಿದ್ದಳು. ಕೈಯಲ್ಲಿ ಕಾಗದದ ಸಣ್ಣ ಪೊಟ್ಟಣ. ನನ್ನನ್ನು ಕಂಡು ಅದನ್ನು ಪರ್ಸಿಗೆ ತುರುಕಿದಳು. ನಮ್ಮ ಹೊಸಿಲಿಂದ ಹಿಂದೆ ಹೋದ ಚಿನ್ನ ಎಲ್ಲಿಗೆ ಹೋಯಿತೆಂದು ನನಗೆ ಆಗ ತಿಳಿಯಿತು.

"ಏನವ್ವಾ ತಗೊಂಡೆ?"

"ತಲೆನೋವಿಗೆ ದೊಡ್ಡಮ್ಮ."

ನಾನು ಅವಳ ಕೈ ಹಿಡಿದುಕೊಂಡೆ. "ರಂಜಿತಾ, ನಿಮ್ಮವ್ವಂಗೆ ಯಾವತ್ತಾರ ಕಾಲು ಊದ್ಕೊಂಡು ರಕ್ತ ಗಡ್ಡೆ ಕಟ್ಟಿತ್ತಾ? ನಿಂಗೆ ಅರೆತಲೆನೋವು ಬತ್ತದಾ?"

ಅವಳು ಆಚೀಚೆ ನೋಡಿದಳು, ಬೀದಿಯಲ್ಲಿ ಜನ. "ಗೊತ್ತಿಲ್ಲ ದೊಡ್ಡಮ್ಮ. ಯಾಕೆ?"

"ನಿಮ್ಮವ್ವಂಗೆ ಫೋನ್ ಮಾಡಿ ಕೇಳು. ಡಾಕ್ಟ್ರಿಗೆ ಒಂದ್ಮಾತು ತೋರ್ಸು. ಆಮೇಕೆ ಬೇಕಾದ್ರೆ ತಗೋ. ನಾನು ಬಂದು ನಿಮ್ಮತ್ತೆಗೆ ಯೋಳ್ತೀನಿ."

"ಅಯ್ಯೋ ಬ್ಯಾಡಿ" ಎಂದು ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ಅತ್ತೆ ಕಾಯ್ತಾವ್ರೆ, ಬತ್ತೀನಿ."

ಆದರೂ ಮಾರನೆಯ ದಿನ ಅವರ ಮನೆಗೆ ಹೋದೆ. ಗಿರಾಕಿ ತಪ್ಪಿದ ಹೊಟ್ಟೆಕಿಚ್ಚಿಗೆ ಬಂದಿದ್ದಾಳೆ ಎಂದುಕೊಂಡರು. ಕಾಫಿ ಕೊಟ್ಟು ಕಳಿಸಿದರು.

ಈಗ ನನ್ನ ಬೇಡಿಕೆ. ಇಡೀ ಪದ್ಧತಿಯನ್ನು ನೀವು ಬದಲಾಯಿಸಬೇಕಾಗಿಲ್ಲ, ಅದು ನಮ್ಮ ಕೆಲಸ, ನಮ್ಮ ಹೊಸಿಲಿನಲ್ಲಿ ಶುರು ಮಾಡಿದ್ದೇವೆ. ಮಾತ್ರೆಯನ್ನು ನಿಷೇಧಿಸಿ ಎಂದೂ ಕೇಳುತ್ತಿಲ್ಲ, ಬೇಕಾದವರಿಗೆ ಅದು ಬೇಕು. ಮಾತ್ರೆಯ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರುವ ನಿಯಮವನ್ನು ನಮ್ಮ ಬೀದಿಯಲ್ಲೂ ನಡೆಸಿಕೊಡಿ. ಚೀಟಿ ಇಲ್ಲದೆ ಕೊಡುವ ಅಂಗಡಿಗೆ ಬಿಸಿ ಮುಟ್ಟಿಸಿ. ಮೈಸೂರಿನ ಡಾಕ್ಟರು ಹೇಳಿದ ಆ ನಾಲ್ಕು ಪ್ರಶ್ನೆಗಳನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ ಪ್ರತಿ ಔಷಧಿ ಅಂಗಡಿಯ ಗಾಜಿಗೆ ಅಂಟಿಸಿ. ನಾನು ಬೀದಿಯಲ್ಲಿ ನಿಂತು ಅವನ್ನು ಕೇಳಿದರೆ ಹೊಟ್ಟೆಕಿಚ್ಚಿನ ಮುದುಕಿ. ಅಂಗಡಿಯವರಿಂದ ಕೇಳಿಸುವ ಅಧಿಕಾರ ನಿಮಗಿದೆ, ಅದಕ್ಕೆಂದೇ ನಿಮಗೆ ಕುರ್ಚಿ ಕೊಟ್ಟಿದ್ದಾರೆ.

ದಯವಿಟ್ಟು ಕಡತ ತೆರೆದು, ಟಿಪ್ಪಣಿ ಬರೆದು, ಸಮಿತಿ ಮಾಡುವಷ್ಟು ತಡ ಮಾಡಬೇಡಿ. ದೇವರಾಜಾಚಾರ್ ಅವರ ಮನೆಯಲ್ಲಿ ಚಿನ್ನ ಕರಗಿಸುವುದು ಬರುವ ಶುಕ್ರವಾರ. ರಂಜಿತ ಇವತ್ತೂ ನುಂಗಿರುತ್ತಾಳೆ. ಅವಳ ಅತ್ತೆ ಒಳ್ಳೆಯ ಹೆಂಗಸು, ಬಿಸಿನೀರು ಕೊಟ್ಟಿರುತ್ತಾರೆ.

ಇಂತಿ,
ಸೊಸೆ ಬೇಡ ಎಂದಾಗ ಕೇಳಿಸಿಕೊಳ್ಳದ ಅತ್ತೆ,
ರಾಧಾಮಣಿ
ಕೆ.ಆರ್. ಪೇಟೆ